ಹಾಸನಕ್ಕೆ ಬೇಕಾದ ಆಲೂಗಡ್ಡೆ

ಹಾಸನದ ರೈತರು ಮುಂಗಾರಿನಲ್ಲಿ ಬಿತ್ತುವ ಆಲೂಗಡ್ಡೆ ಬೀಜ ಬಹುಪಾಲು ಪಂಜಾಬಿನದು. ದಶಕಗಳಿಂದ ನೆಚ್ಚಿಕೊಂಡ ತಳಿ 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ. ಅಂಗಮಾರಿ ರೋಗವನ್ನು ತಡೆಯುತ್ತದೆಂದು ಹೆಸರು ಮಾಡಿದ್ದ ಈ ತಳಿಯ ಆ ಶಕ್ತಿ ಕುಂದಿ ಬಹುಕಾಲವಾಯಿತು. ಬದಲಿ ತಳಿ ಬೇಗ ಸಿಗದಿರಲು ಬೆಳೆಯ ಸ್ವಭಾವವೂ ಕಾರಣ. ಆಲೂಗಡ್ಡೆಯಲ್ಲಿ 48 ವರ್ಣತಂತುಗಳು, ಪ್ರತಿಯೊಂದೂ ನಾಲ್ಕು ಪ್ರತಿಗಳಲ್ಲಿ. ಸಂಕರದಿಂದ ಹುಟ್ಟಿದ ಸಾವಿರಾರು ಸಸಿಗಳಲ್ಲಿ ಒಂದರಂತೆ ಇನ್ನೊಂದಿರದು. ಆಯ್ಕೆಗೆ ಹತ್ತು ವರ್ಷವಾದರೂ ಹಿಡಿಯುತ್ತದೆ.

ವಂಶವಾಹಿ ಗುರುತುಗಳು ನೆರವಾಗುವುದು ಇಲ್ಲಿಯೇ. ಎಲೆಯ ಚೂರೊಂದರ ಡಿಎನ್‌ಎ ಪರೀಕ್ಷಿಸಿದರೆ, ರೋಗ ತಡೆಯುವ ಗುಣ ಯಾವ ಸಸಿಗೆ ಇಳಿದಿದೆಯೆಂದು ಬಹುಮಟ್ಟಿಗೆ ಮೊದಲೇ ತಿಳಿಯುತ್ತದೆ. ಇದು ಕುಲಾಂತರಿಯಲ್ಲ, ಬದನೆಯ ಜಗಳವನ್ನು ಇಲ್ಲಿಗೆ ಎಳೆಯುವುದು ಬೇಡ. 2011ರಲ್ಲಿ ಆಲೂಗಡ್ಡೆಯ ಜೀನೋಮ್ ಪ್ರಕಟಿಸಿದ ಅಂತರರಾಷ್ಟ್ರೀಯ ತಂಡದಲ್ಲಿ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯೂ ಇತ್ತು. ಕೊರತೆ ಜ್ಞಾನದ್ದಲ್ಲ.

ಆದರೆ ಇಳುವರಿ ಅನೇಕ ವಂಶವಾಹಿಗಳ ಕೂಡುಫಲ. ಒಂದೆರಡು ಗುರುತು ಅದನ್ನು ಹೇಳಲಾರವು. ಹಾಸನದ ಮಳೆಯಲ್ಲೇ ನೋಡಬೇಕು. ಆಯ್ದ ತಳಿಯ ಬೀಜಗಡ್ಡೆ ಹೆಚ್ಚುವುದೂ ನಿಧಾನ. ಮುಂಗಡಪತ್ರದ ಕಡತಗಳೊಡನೆ ವರ್ಷಗಳನ್ನು ಕಳೆದ ನನಗೆ ಗೊತ್ತು: ಪ್ರಯೋಗಾಲಯದ ಯಂತ್ರಕ್ಕೆ ಸಿಗುವ ಮಂಜೂರಾತಿ ಬೀಜವೃದ್ಧಿಯ ಕೂಲಿಗೆ ಸಿಗದು. ರಾಜ್ಯ ಸರ್ಕಾರ ಮೊದಲು ಹಣ ತೆಗೆದಿರಿಸಬೇಕಾದುದು ಆ ಕೂಲಿಗೆ, ಹಾಸನದಲ್ಲೇ ನಡೆಯುವ ಕ್ಷೇತ್ರ ಪರೀಕ್ಷೆಗೆ.