ರಾತ್ರಿ ಕಳೆಯುವುದರೊಳಗೆ ಬ್ಯಾಟರಿ ಖಾಲಿ: ಕಳ್ಳ ಯಾರು?

ಕಳೆದ ಸಂಚಿಕೆಯಲ್ಲಿ ಮಿಕ್ಸಿಯ ಕಾರ್ಬನ್ ಬ್ರಷ್ ಬಗ್ಗೆ ಬರೆದದ್ದನ್ನು ಓದಿ ಮಲೆನಾಡಿನ ಒಂದು ಸಣ್ಣ ಊರಿನಿಂದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. "ನಮ್ಮದು ಆರು ವರ್ಷದ ಪೆಟ್ರೋಲ್ ಕಾರು. ಯಜಮಾನರಿಗೆ ಹೊರ ಊರಲ್ಲಿ ಕೆಲಸ. ಅತ್ತೆಯವರನ್ನು ವಾರಕ್ಕೆರಡು ದಿನ ಡಯಾಲಿಸಿಸ್‌ಗೆ ನಾನೇ ಕರ್ಕೊಂಡು ಹೋಗಬೇಕು. ಬೆಳಿಗ್ಗೆ ಆರಕ್ಕೆ ಕೀ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತೆ, ಅಷ್ಟೇ. ಅಕ್ಕಪಕ್ಕದವರನ್ನು ಎಬ್ಬಿಸಿ ತಳ್ಳಿಸಬೇಕು. ಎರಡು ವರ್ಷದಲ್ಲಿ ಇದು ಮೂರನೇ ಬ್ಯಾಟರಿ. ಈಗ ನಾಲ್ಕನೆಯದು ಹಾಕಿಸಿ ಅಂತಿದ್ದಾರೆ. ಹಾಕಿಸಲೇ?"

ಬೇಡ, ಸೋದರಿ. ಇನ್ನೂ ಹಾಕಿಸಬೇಡಿ.

ಇವರಿಗೊಬ್ಬರಿಗೇ ಎರಡು ಸಾಲು ಬರೆದು ಅಂಚೆಗೆ ಹಾಕಬಹುದಿತ್ತು. ಆದರೆ ಕಾರು ಓಡಿಸುವ ಹೆಣ್ಣುಮಕ್ಕಳು ಈಗ ಸಣ್ಣ ಊರುಗಳಲ್ಲೂ ಕಡಿಮೆಯೇನಿಲ್ಲ. ಗ್ಯಾರೇಜಿನಲ್ಲಿ ಅವರ ಕಿವಿಗೆ ಬೀಳುವ ಮಾತೂ ಒಂದೇ: "ಬ್ಯಾಟರಿ ಹೋಗಿದೆ ಮೇಡಂ, ಚೇಂಜ್ ಮಾಡ್ಬಿಡಿ." ಒಂದು ಬ್ಯಾಟರಿ ಅಂದರೆ ಸಾವಿರಗಟ್ಟಲೆ ರೂಪಾಯಿ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೀತಿದ್ದೀನಿ.

ಮನೆ ಮೇಲಿನ ಟ್ಯಾಂಕು ಬೆಳಿಗ್ಗೆ ಎದ್ದಾಗ ಖಾಲಿಯಿದ್ದರೆ ನಾವು ಕೂಡಲೇ ಹೊಸ ಟ್ಯಾಂಕು ತರಿಸ್ತೀವಾ? ಎಲ್ಲಾದರೂ ನಲ್ಲಿ ಸೋರುತ್ತಿದೆಯಾ ನೋಡ್ತೀವಿ. ಟ್ಯಾಂಕೇ ಬಿರುಕು ಬಿಟ್ಟಿದೆಯಾ ನೋಡ್ತೀವಿ. ನಿನ್ನೆ ಮೋಟರು ಸರಿಯಾಗಿ ತುಂಬಿಸಿತ್ತಾ ಅಂತ ಕೇಳ್ತೀವಿ. ಕಾರಿನಲ್ಲೂ ಇದೇ ಮೂರು. ಟ್ಯಾಂಕು ಅಂದರೆ ಬ್ಯಾಟರಿ. ಸೋರುವ ನಲ್ಲಿ ಅಂದರೆ ಕಾರು ನಿಂತಿದ್ದಾಗಲೂ ಕರೆಂಟು ಎಳೆಯುವ ಯಾವುದೋ ಭಾಗ. ಮೋಟರು ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್. ನಮ್ಮ ಕಡೆ ಇದನ್ನೂ ಡೈನಮೋ ಅಂತಲೇ ಕರೆಯುತ್ತಾರೆ.

ಒಳ್ಳೆಯ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ತಂದ ಮೂರೂ ಕೆಟ್ಟ ಮಾಲೇ ಆಗಿರುವುದು ಅಪರೂಪ. ಆದರೆ ಒಂದು ಮಾತಿದೆ. ಪೂರ್ತಿ ಖಾಲಿಯಾಗಿ ಕೂತ ಬ್ಯಾಟರಿಯೊಳಗೆ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿ ಹರಳಾಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ. ಸೋರಿಕೆ ಹಿಡಿಯದೆ ಹೊಸದನ್ನು ಕೂರಿಸಿದರೆ ಅದಕ್ಕೂ ಇದೇ ಗತಿ. ಗ್ಯಾರೇಜಿನವರು ಕೆಟ್ಟಿದೆ ಅಂದದ್ದು ಸುಳ್ಳಲ್ಲ. ಕೆಡಿಸಿದ್ದು ಯಾರು ಅಂತ ನೋಡಲಿಲ್ಲ, ಅಷ್ಟೇ.

ಈಗ ಕೆಲಸಕ್ಕೆ ಬರೋಣ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಡಿಜಿಟಲ್ ಮಲ್ಟಿಮೀಟರ್ ಕೇಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಜೊತೆಗೆ ಒಂದು 10 ನಂಬರಿನ ಸ್ಪ್ಯಾನರ್; ಬಹಳಷ್ಟು ಸಣ್ಣ ಕಾರುಗಳ ಬ್ಯಾಟರಿ ನಟ್ಟಿಗೆ ಇದೇ ಅಳತೆ.

ಬಾನೆಟ್ ಎತ್ತುವ ಮೊದಲು ಬಳೆ, ಉಂಗುರ ಬಿಚ್ಚಿಡಿ. ಮಾಂಗಲ್ಯದ ಸರ ಉದ್ದವಾಗಿದ್ದರೆ ಒಳಗೆ ಸೇರಿಸಿ, ಸೆರಗು ಸಿಕ್ಕಿಸಿ, ಜಡೆ ಹಿಂದಕ್ಕೆ ಕಟ್ಟಿಕೊಳ್ಳಿ. ಲೋಹದ ಬಳೆ ಪ್ಲಸ್ಸಿಗೂ ಕಾರಿನ ಬಾಡಿಗೂ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಕೈ ಸುಡುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುವುದುಂಟು, ಹತ್ತಿರ ಬೆಂಕಿಕಡ್ಡಿ ಗೀರಬೇಡಿ. ಆಯುಧಪೂಜೆಯ ದಿನ ಕರ್ಪೂರ ಬೆಳಗುವುದೂ ಬಾನೆಟ್ ಮುಚ್ಚಿದ ಮೇಲೆಯೇ ಇರಲಿ.

ಮೊದಲು ಮೋಟರು ತುಂಬಿಸ್ತಿದೆಯಾ ನೋಡೋಣ. ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ತಿರುಗಿಸಿ, ಎಂಜಿನ್ ಚಾಲೂ ಮಾಡಿ, ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಇಡಿ. 13.8ರಿಂದ 14.5ರ ಒಳಗೆ ತೋರಿಸಿದರೆ ಸರಿ. 13ಕ್ಕಿಂತ ಕೆಳಗೇ ನಿಂತರೆ ಹಗಲಲ್ಲೇ ತುಂಬುತ್ತಿಲ್ಲ; ರಾತ್ರಿಯ ಕಳ್ಳನನ್ನು ಹುಡುಕುವ ಮೊದಲು ಬೆಲ್ಟನ್ನೂ ಆಲ್ಟರ್ನೇಟರನ್ನೂ ತೋರಿಸಿ. ಹೊಸ ಮಾದರಿಯ ಕೆಲವು ಕಾರುಗಳಲ್ಲಿ ಈ ಅಂಕಿಯನ್ನು ಕಾರೇ ಬೇಕೆಂದು ಏರಿಳಿಸುತ್ತದೆ. ಅಂಥ ಕಾರಾದರೆ ಸ್ವಲ್ಪ ಓಡಿಸಿ ಮತ್ತೆ ನೋಡಿ.

ಇನ್ನು ಮುಖ್ಯವಾದ ಪರೀಕ್ಷೆ. ನನ್ನ ಕೇಳಿದರೆ ಇದೊಂದನ್ನು ಮಾಡಿದರೂ ಅರ್ಧ ಕೆಲಸ ಮುಗಿದಂತೆ. ಬ್ಯಾಟರಿ ಅಂಗಡಿಯಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ಒಂದೆರಡು ಗಂಟೆ ಸುಮ್ಮನೆ ಬಿಟ್ಟು ಮೀಟರ್ ಇಡಿ. 12.6ರ ಆಸುಪಾಸು ಇರಬೇಕು. ಅಂಕಿ ಬರೆದಿಟ್ಟುಕೊಳ್ಳಿ. ರಾತ್ರಿ ಮೈನಸ್ ವೈರನ್ನು ಬಿಚ್ಚಿ, ಕಂಬಕ್ಕೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಮೈನಸ್ಸನ್ನೇ ಮೊದಲು ಬಿಚ್ಚಬೇಕು, ಹಾಕುವಾಗ ಅದನ್ನೇ ಕೊನೆಗೆ ಹಾಕಬೇಕು, ಇದು ತಪ್ಪಬಾರದು. ಕಾರಿನ ಕೀ ಕೈಯಲ್ಲೇ ಇರಲಿ. ಗಡಿಯಾರ, ರೇಡಿಯೋ ಸ್ಟೇಷನ್ನುಗಳು ಅಳಿಸಿಹೋಗಬಹುದು, ಮತ್ತೆ ಕೂಡಿಸಿಕೊಂಡರಾಯಿತು.

ಬೆಳಿಗ್ಗೆ ಎದ್ದು, ವೈರ್ ಹಾಕುವ ಮೊದಲೇ ಮತ್ತೆ ಮೀಟರ್ ಇಡಿ. ನಿನ್ನೆಯ ಅಂಕಿಯೇ ಹೆಚ್ಚುಕಡಿಮೆ ಇದ್ದರೆ ಟ್ಯಾಂಕು ಸೋರಿಲ್ಲ, ಕದಿಯುತ್ತಿರುವುದು ಕಾರು. ಏನೂ ಎಳೆಯದೇ ಇದ್ದರೂ 12.2, 12ಕ್ಕೆ ಇಳಿದಿದ್ದರೆ ಬ್ಯಾಟರಿಯೇ ಒಳಗೆ ಕೆಟ್ಟಿದೆ. ವಾರಂಟಿ ಕಾರ್ಡು ಹುಡುಕಿ. ಅಂಕಿ ಚೆನ್ನಾಗಿದ್ದೂ ಬ್ಯಾಟರಿ ಬಲಹೀನವಾಗಿರುವುದುಂಟು. ವೈರ್ ಹಾಕಿದ ಮೇಲೆ ಮಗನೋ ಮಗಳೋ ಮೀಟರ್ ನೋಡುತ್ತಿರಲಿ, ನೀವು ಸೆಲ್ಫ್ ಹೊಡೆಯಿರಿ. ಆ ಹೊತ್ತಿನಲ್ಲಿ 9.6ಕ್ಕಿಂತ ಕೆಳಗೆ ಕುಸಿದರೆ ಅದಕ್ಕೆ ಭಾರ ಹೊರುವ ತ್ರಾಣವಿಲ್ಲ ಅಂತ ಅರ್ಥ.

ಕಾಗದ ಬರೆದ ಸೋದರಿಗೆ ಇಲ್ಲೇ ಒಂದು ಮಾತು. ಕಳ್ಳ ಸಿಗುವ ತನಕ ಡಯಾಲಿಸಿಸ್ಸಿನ ಹಿಂದಿನ ರಾತ್ರಿ ಮೈನಸ್ ಬಿಚ್ಚಿಡಿ, ಬೆಳಿಗ್ಗೆ ಹಾಕಿಕೊಳ್ಳಿ. ಬ್ಯಾಟರಿಗೆ ಜೀವವಿದ್ದರೆ ಕಾರು ಹೊರಡುತ್ತದೆ, ಯಾರನ್ನೂ ಎಬ್ಬಿಸಬೇಕಿಲ್ಲ. ಆದರೂ ಗೊತ್ತಿರುವ ಆಟೋದವರ ನಂಬರು ಫೋನಿನಲ್ಲಿರಲಿ. ಅತ್ತೆಯವರ ಆ ನಾಲ್ಕು ಗಂಟೆಯ ಸರದಿ ನಮ್ಮ ಕಾರಿಗಾಗಿ ಕಾಯುವುದಿಲ್ಲ.

ಎಷ್ಟು ಸೋರಿದರೆ ತಪ್ಪು? ಕಾರು ನಿಂತಿದ್ದರೂ ಗಡಿಯಾರ, ಬೀಗ, ಕಂಪ್ಯೂಟರಿನ ನೆನಪು ಇವಕ್ಕೆ ಚೂರು ಕರೆಂಟು ಬೇಕೇ ಬೇಕು. ಸುಮಾರು 50 ಮಿಲಿ ಆಂಪಿಯರ್ ತನಕ ಸಹಜ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯದು ಅಂತಿಟ್ಟುಕೊಳ್ಳಿ. ಆ ಲೆಕ್ಕದಲ್ಲಿ ದಿನಕ್ಕೆ 1.2 ಹೋಗುತ್ತದೆ, ವಾರ ಕಳೆದರೂ ಚಿಂತೆಯಿಲ್ಲ. ಡಿಕ್ಕಿಯ 5 ವ್ಯಾಟ್ ಬಲ್ಬು ಉರೀತಾನೇ ಉಳಿದರೆ ರಾತ್ರಿಯ ಹತ್ತು ಗಂಟೆಗೆ 4ರಷ್ಟು ಹೋಗುತ್ತದೆ. ಮರುದಿನ ಕಾರು ಹೊರಡುತ್ತದೆ, ನಿಲ್ಲಿಸಿಯೇ ಇಟ್ಟರೆ ಮೂರು ನಾಲ್ಕು ದಿನಕ್ಕೆ ಮಲಗುತ್ತದೆ. ಗಟ್ಟಿ ಬ್ಯಾಟರಿ ಒಂದೇ ರಾತ್ರಿಗೆ ಮಲಗಬೇಕಾದರೆ ಎರಡೂವರೆ ಮೂರು ಆಂಪಿಯರ್ ಹರಿಯಬೇಕು, ಅದು ದೊಡ್ಡ ಕಳ್ಳತನ. ಆದ್ದರಿಂದ ನಿಮ್ಮ ಕಾರು ಒಂದು ರಾತ್ರಿಗೆ ಮಲಗುತ್ತೋ, ಮೂರು ದಿನಕ್ಕೋ ಅಂತ ಮೆಕ್ಯಾನಿಕ್‌ಗೆ ಸರಿಯಾಗಿ ಹೇಳಿ.

ಕಳ್ಳರು ಸಾಮಾನ್ಯವಾಗಿ ಆಮೇಲೆ ಹಾಕಿಸಿದ ಸಾಮಾನುಗಳೇ. ದೊಡ್ಡ ಪರದೆಯ ಸ್ಟೀರಿಯೋ, ಅದರ ಆಂಪ್ಲಿಫೈಯರ್, ಹಿಂದಿನ ಕ್ಯಾಮೆರಾ, ಡ್ಯಾಶ್‌ಕ್ಯಾಮ್, ಜಿ.ಪಿ.ಎಸ್. ಪೆಟ್ಟಿಗೆ, ಹೊರಗಡೆ ಹಾಕಿಸಿದ ಅಲಾರಂ. ಸ್ಟೀರಿಯೋದಲ್ಲಿ ಹಳದಿ ವೈರು ನೆನಪಿಗೆ, ಅದಕ್ಕೆ ಸದಾ ಕರೆಂಟು. ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ. ಅವಸರದವರು ಎರಡನ್ನೂ ಒಟ್ಟಿಗೆ ಸದಾ ಬರುವ ಲೈನಿಗೆ ತಿರುಚಿಬಿಟ್ಟರೆ ಪರದೆ ಕಪ್ಪಗಿದ್ದರೂ ಸ್ಟೀರಿಯೋ ಒಳಗೆ ಎಚ್ಚರವಾಗಿಯೇ ಇರಬಹುದು. ಡಿಕ್ಕಿಯ ದೀಪ ಆರಿದೆಯೋ ಇಲ್ಲವೋ ನೋಡಲು ಫೋನಿನ ವಿಡಿಯೋ ಚಾಲೂ ಮಾಡಿ ಒಳಗಿಟ್ಟು ಡಿಕ್ಕಿ ಮುಚ್ಚಿ ತೆಗೆಯಿರಿ. ಮಕ್ಕಳಿಗೆ ಇದೊಂದು ಆಟ.

ಇಷ್ಟರಲ್ಲಿ ಸಿಗದಿದ್ದರೆ ಮೀಟರನ್ನೇ ದಾರಿಯಲ್ಲಿ ಕೂರಿಸಬೇಕು. ಧೈರ್ಯವಿದ್ದವರು ಮಾಡಿ, ಇಲ್ಲದವರು ಆಟೋ ಎಲೆಕ್ಟ್ರಿಷಿಯನ್ ಕೈಲಿ ಎದುರು ನಿಂತು ಮಾಡಿಸಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರಿನ ತೂತಿಗೆ ಬದಲಾಯಿಸಿ, ಗುಂಡಿಯನ್ನೂ ಅಲ್ಲಿಗೇ ತಿರುಗಿಸಿ. ಮೈನಸ್ ವೈರ್ ಬಿಚ್ಚಿ, ಒಂದು ಕಡ್ಡಿ ಆ ವೈರಿಗೆ, ಇನ್ನೊಂದು ಮೈನಸ್ ಕಂಬಕ್ಕೆ. ಬಾಗಿಲುಗಳೆಲ್ಲ ಮುಚ್ಚಿರಲಿ, ಕೀ ಮನೆಯೊಳಗಿರಲಿ. ಮೊದಲು ಅಂಕಿ ಹೆಚ್ಚಿರುತ್ತದೆ. ಕಾರು ನಿದ್ದೆಗೆ ಜಾರಲು ಅರ್ಧ ಗಂಟೆ, ಕೆಲವಕ್ಕೆ ಒಂದು ಗಂಟೆ ಬೇಕು. ಅಲ್ಲಿಯ ತನಕ ಒಲೆ ಮೇಲಿನ ಬೇಳೆ ನೋಡಿಕೊಂಡು ಬನ್ನಿ. ಐದಾರು ಆಂಪಿಯರ್ ತೋರಿಸ್ತಾನೇ ನಿಂತರೆ ಮಾತ್ರ ಮೀಟರ್ ತೆಗೆದುಬಿಡಿ. ಮೀಟರ್ ಹೀಗಿರುವಾಗ ಯಾರೂ ಕೀ ತಿರುಗಿಸಬಾರದು, ಸೆಲ್ಫ್ ಎಳೆಯುವ ಕರೆಂಟು ನೂರು ಆಂಪಿಯರಿಗೂ ಮೇಲೆ.

ಅಂಕಿ 0.05ಕ್ಕಿಂತ ತುಂಬಾ ಮೇಲೆ ನಿಂತರೆ ಫ್ಯೂಸ್ ಪೆಟ್ಟಿಗೆಯ ಫೋಟೋ ತೆಗೆದುಕೊಂಡು, ಒಂದೊಂದೇ ಫ್ಯೂಸ್ ತೆಗೆದು ಮತ್ತೆ ಅದರ ಜಾಗಕ್ಕೇ ಹಾಕುತ್ತ ಹೋಗಿ. ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆಗಾಗಿ ಬಾಗಿಲು ತೆಗೆದರೆ ಕಾರು ಮತ್ತೆ ಎಚ್ಚರವಾಗುತ್ತದೆ. ಅದಕ್ಕೆ ಮೊದಲೇ ಬಾಗಿಲು ತೆರೆದಿಟ್ಟು, ಅದರ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ. ಕೆಲಸ ಮುಗಿದ ಮೇಲೆ ಹಿಡಿಕೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಯಾವ ಫ್ಯೂಸ್ ತೆಗೆದಾಗ ಅಂಕಿ ದಡಕ್ಕನೆ ಇಳಿಯುತ್ತದೋ ಕಳ್ಳ ಆ ಲೈನಿನಲ್ಲಿದ್ದಾನೆ. ಮುಚ್ಚಳದ ಮೇಲೆ ಲೈನಿನ ಹೆಸರಿರುತ್ತದೆ. ಯಾವುದನ್ನು ತೆಗೆದರೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನ; ಅದು ಎಲೆಕ್ಟ್ರಿಷಿಯನ್ ಕೆಲಸ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಿಗೆ ಈ ಯಾವುದನ್ನೂ ಮನೆಯಲ್ಲಿ ಮಾಡಬೇಡಿ.

ಮುಗಿದ ಕೂಡಲೇ ಮೀಟರಿನ ಕೆಂಪು ವೈರನ್ನು ವೋಲ್ಟಿನ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ಬ್ಯಾಟರಿಗೆ ಇಟ್ಟರೆ ನೇರ ಶಾರ್ಟ್.

ಟರ್ಮಿನಲ್ಲಿನ ಮೇಲೆ ಬಿಳಿ-ಹಸಿರು ಬೂಷ್ಟು ಕಂಡರೆ ವೈರು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ, ವೈರು ಹಾಕಿದ ಮೇಲೆ ವ್ಯಾಸಲೀನ್ ಸವರಿ. ಸೋಡದ ನೀರು ಮುಚ್ಚಳದೊಳಗೆ ಇಳಿಯಬಾರದು.

ಇನ್ವರ್ಟರ್ ಬ್ಯಾಟರಿಗೆ ಯಾವ ನೀರು, ಎಷ್ಟು ದಿನಕ್ಕೊಮ್ಮೆ ಅಂತ ಹಲವರು ಕೇಳಿದ್ದೀರಿ. ಅದು ಮುಂದಿನ ಸಂಚಿಕೆಗೆ.