ಪುಟ್ಟ ಮೋಟಾರಿಗೊಂದು ಲಗಾಮು

ಮೂಡಲಗಿ ಕಡೆಯ ಕಬ್ಬಿನ ಹೊಲಗಳಲ್ಲಿ ಪಂಪಸೆಟ್ಟು ಇರುವವರಿಗೆಲ್ಲ ಒಂದು ಸಂಗತಿ ಗೊತ್ತು. ಲೈನು ದುರಸ್ತಿಯಾಗಿ ಕರೆಂಟು ಮರಳಿ ಬಂದಾಗ ಕೆಲವೊಮ್ಮೆ ಮೋಟಾರು ಉಲ್ಟಾ ತಿರುಗುತ್ತದೆ. ಸದ್ದೇನೋ ಬರುತ್ತದೆ, ನೀರು ಮಾತ್ರ ಸರಿಯಾಗಿ ಏರುವುದಿಲ್ಲ. ಮೂರು ಫೇಸಿನ ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ತಿರುಗುವ ದಿಕ್ಕು ಸರಿಹೋಗುತ್ತದೆ. ಇದು ಬಲ್ಲ ಎಲೆಕ್ಟ್ರೀಷಿಯನ್ ಮಾಡಬೇಕಾದ ಕೆಲಸ, ಮಕ್ಕಳು ಅತ್ತ ಸುಳಿಯಕೂಡದು. ಆದರೆ ಅದೇ ಉಪಾಯ ಆಟಿಕೆಯ ಮೋಟಾರಿನಲ್ಲಿ ಇನ್ನೂ ಸುಲಭ. ಅದಕ್ಕಿರುವುದು ಎರಡೇ ತಂತಿ. ಅವನ್ನು ಬದಲಿಸಿದರೆ ದಿಕ್ಕೂ ಬದಲು.

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇಷ್ಟೇ ಸಾಲದು. ಹಿಡಕಲ್ ಜಲಾಶಯ ಹುಕ್ಕೇರಿ ತಾಲ್ಲೂಕಿನಲ್ಲೇ ಇರುವಾಗ ಅಲ್ಲಿನ ಮಕ್ಕಳಿಗೆ ಅಣೆಕಟ್ಟಿನ ಮಾದರಿ ಮಾಡುವ ಆಸೆ ಸಹಜ. (1969ರಲ್ಲಿ ಸ್ಥಾಪನೆಯಾದ ಸಹಕಾರಿ ಸಂಘದ ಮೂಲಕ ವಿದ್ಯುತ್ತು ಹಂಚಿಕೊಂಡ ತಾಲ್ಲೂಕು ಅದು, ಕರೆಂಟಿನ ಮೇಲೆ ಅಷ್ಟು ಅಭಿಮಾನ ಇರಬೇಕಾದದ್ದೇ!) ಮಾದರಿಯ ಗೇಟು ಏರಬೇಕು, ಇಳಿಯಬೇಕು, ಬೇಕಾದಲ್ಲಿ ನಿಲ್ಲಬೇಕು. ನೋಡಲು ಬಂದವರ ಮುಂದೆ ಪ್ರತಿ ಸಲ ತಂತಿ ಬಿಚ್ಚಿ ಕಟ್ಟಲಾಗುತ್ತದೆಯೆ?

ಅಂಗಡಿಯಲ್ಲಿ ಆರು ಕಾಲಿನ ಸ್ವಿಚ್ಚು ಕೇಳಿ. ನಡುವೆ ನಿಲ್ಲುವ ಜಾಗ ಇರುವಂಥದೇ ಬೇಕು. ನಡುವಿನ ಎರಡು ಕಾಲುಗಳಿಗೆ ಮೋಟಾರು, ಒಂದು ತುದಿಯ ಎರಡು ಕಾಲುಗಳಿಗೆ ಬ್ಯಾಟರಿ. ಅಲ್ಲಿಂದ ಇನ್ನೊಂದು ತುದಿಗೆ ಎರಡು ತಂತಿಗಳನ್ನು ಕತ್ತರಿಯಾಕಾರದಲ್ಲಿ ಎಳೆಯಿರಿ. ಸ್ವಿಚ್ಚನ್ನು ಒಂದು ಕಡೆ ಒತ್ತಿದರೆ ಗೇಟು ಏರುತ್ತದೆ, ಇನ್ನೊಂದು ಕಡೆ ಒತ್ತಿದರೆ ಇಳಿಯುತ್ತದೆ, ನಡುವೆ ಬಿಟ್ಟರೆ ನಿಲ್ಲುತ್ತದೆ. ಆದರೆ ಓಡುತ್ತಿರುವ ಮೋಟಾರನ್ನು ಥಟ್ಟನೆ ಹಿಂದಕ್ಕೆ ತಿರುಗಿಸಬೇಡಿ. ನಡುವೆ ಒಂದು ಕ್ಷಣ ನಿಲ್ಲಿಸಿ. ಏಕೆಂಬುದನ್ನು ಮುಂದೆ ನೋಡೋಣ.

ಇನ್ನು ವೇಗ. ಆಟಿಕೆ ಮೋಟಾರು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಂಥದು. ಗೇಟಿಗೆ ಅಷ್ಟು ಅವಸರವಿಲ್ಲ. ಹೆಚ್ಚಿನ ಮಕ್ಕಳು ಮೊದಲು ಮಾಡುವುದು ಹಳೆಯ ಫ್ಯಾನಿನ ಡಬ್ಬಿ ರೆಗ್ಯುಲೇಟರು ಮಾಡುತ್ತಿದ್ದ ಕೆಲಸವನ್ನೇ: ನಡುವೆ ಒಂದು ರೋಧಕ ಜೋಡಿಸುವುದು. ಆ ಡಬ್ಬಿ ಬಿಸಿಯಾಗುತ್ತಿದ್ದುದು ಪಾಲಕರಿಗೆ ನೆನಪಿರಬಹುದು. ಉಳಿದ ಕರೆಂಟು ಉಳಿಯುತ್ತಿರಲಿಲ್ಲ, ಕಾವಾಗಿ ಹೋಗುತ್ತಿತ್ತು. ಆಟಿಕೆ ಮೋಟಾರಿನಲ್ಲಿ ತೊಂದರೆ ಇನ್ನೂ ಒಂದಿದೆ. 6 ವೋಲ್ಟಿನ ಬ್ಯಾಟರಿ, ಭಾರವಿಲ್ಲದೆ ತಿರುಗುವಾಗ ಮೋಟಾರು ಎಳೆಯುವುದು 0.2 ಆಂಪಿಯರ್ ಎನ್ನಿ. 15 ಓಮಿನ ರೋಧಕ ಹಾಕಿದರೆ ಅದರಲ್ಲೇ 3 ವೋಲ್ಟು ಕಳೆದು ಮೋಟಾರಿಗೆ ಉಳಿದರ್ಧ ಸಿಗುತ್ತದೆ, ವೇಗ ಇಳಿಯುತ್ತದೆ. ಈಗ ಗೇಟಿನ ಭಾರ ಕಟ್ಟಿ. ಎತ್ತಲು ಮೋಟಾರಿಗೆ 0.5 ಆಂಪಿಯರ್ ಬೇಕು. ಅಷ್ಟು ಹರಿಯಬೇಕೆಂದರೆ ರೋಧಕವೊಂದಕ್ಕೇ ಏಳೂವರೆ ವೋಲ್ಟು ಬೇಕು, ಇರುವುದೇ ಆರು! ಶಕ್ತಿ ಬೇಕಾದ ಹೊತ್ತಿಗೇ ಮೋಟಾರು ಕೈಚೆಲ್ಲಿ ನಿಲ್ಲುತ್ತದೆ. ಮನೆಯಲ್ಲಿ ಚೆನ್ನಾಗಿ ಓಡಿದ ಮಾದರಿ ಪ್ರದರ್ಶನದ ದಿನ ಮುನಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಕುಂಬಾರ ತಿಗರಿಯನ್ನು ಕೋಲಿನಿಂದ ತಿರುಗಿಸುವುದನ್ನು ನೋಡಿದ್ದೀರಾ? ಬಲವಾಗಿ ತಳ್ಳುತ್ತಾನೆ, ಬಿಡುತ್ತಾನೆ, ಮತ್ತೆ ತಳ್ಳುತ್ತಾನೆ. ನಡುವೆ ತಿಗರಿ ತನ್ನ ಓಟದಲ್ಲೇ ತಿರುಗುತ್ತಿರುತ್ತದೆ. ಮೋಟಾರಿಗೂ ಹೀಗೇ ಮಾಡಬೇಕು. ಪೂರ್ತಿ 6 ವೋಲ್ಟನ್ನು ಕೊಡುವುದು, ಕಡಿಯುವುದು, ಮತ್ತೆ ಕೊಡುವುದು, ಸೆಕೆಂಡಿಗೆ ನೂರಾರು ಸಲ. ಕೊಟ್ಟ ಹೊತ್ತು ಹೆಚ್ಚಾದರೆ ವೇಗ ಹೆಚ್ಚು, ಕಡಿದ ಹೊತ್ತು ಹೆಚ್ಚಾದರೆ ವೇಗ ಕಡಿಮೆ. ಪ್ರತಿ ತಳ್ಳಿಗೂ ಪೂರ್ತಿ ವೋಲ್ಟು ಇರುವುದರಿಂದ ಭಾರ ಬಿದ್ದಾಗ ಮೋಟಾರು ಅಷ್ಟು ಬೇಗ ಸೋಲುವುದಿಲ್ಲ. ಇಷ್ಟು ಚುರುಕಾಗಿ ಸ್ವಿಚ್ಚು ಒತ್ತುವುದು ಟ್ರಾನ್ಸಿಸ್ಟರಿನ ಕೆಲಸ. ಅದಕ್ಕೆ ತಾಳ ಹಾಕುವುದು 555 ಎಂಬ ಹಳೆಯ ಚಿಪ್ಪು ಅಥವಾ ಈಗ ಶಾಲೆಗಳಲ್ಲೂ ಕಾಣುವ ಆರ್ಡುಯಿನೊ ಹಲಗೆ. ಆರ್ಡುಯಿನೊ ಯೂನೊದಲ್ಲಿ 0ಯಿಂದ 255ರವರೆಗೆ ಅಂಕಿ ಕೊಟ್ಟರಾಯಿತು. 128 ಎಂದರೆ ಅರ್ಧ ಹೊತ್ತು ಕೊಡು, ಅರ್ಧ ಹೊತ್ತು ಕಡಿ ಎಂದರ್ಥ.

ಮೋಟಾರನ್ನು ಯೂನೊದ ಕಾಲಿಗೆ ನೇರವಾಗಿ ಮಾತ್ರ ಸಿಕ್ಕಿಸಬೇಡಿ. ಆ ಕಾಲು ನೆಮ್ಮದಿಯಾಗಿ ಕೊಡಬಲ್ಲದ್ದು 20 ಮಿಲಿಆಂಪಿಯರ್, ಮೋಟಾರು ಕೇಳುವುದು ಅದರ ಹತ್ತುಪಟ್ಟು. ಟ್ರಾನ್ಸಿಸ್ಟರು ನಡುವೆ ಇರಲೇಬೇಕು, ಮೋಟಾರಿಗೆ ಅಡ್ಡಲಾಗಿ ಉಲ್ಟಾ ಮುಖದ ಒಂದು ಡಯೋಡೂ ಬೇಕು. ಕರೆಂಟು ಕಡಿದಾಗ ಮೋಟಾರಿನ ಸುರುಳಿ ಎಬ್ಬಿಸುವ ವೋಲ್ಟಿನ ಪೆಟ್ಟನ್ನು ತಡೆಯುವುದು ಅದೇ. ದಿಕ್ಕು, ವೇಗ ಎರಡೂ ಒಟ್ಟಿಗೆ ಬೇಕಾದವರಿಗೆ ಎಲ್‌298 ಚಿಪ್ಪಿನ ಹಲಗೆ ಸಿಗುತ್ತದೆ. ಚಿಪ್ಪು ತಾನೇ ಸುಮಾರು 2 ವೋಲ್ಟು ತಿನ್ನುತ್ತದೆಂಬುದನ್ನು ಮಾರುವವರು ಹೇಳುವುದು ಅಪರೂಪ. 6 ವೋಲ್ಟು ಕೊಟ್ಟರೆ ಮೋಟಾರಿಗೆ ತಲುಪುವುದು ನಾಲ್ಕೇ.

ಈಗ ನಿಲ್ಲಿಸಿ ತಿರುಗಿಸಬೇಕೆಂದದ್ದು ಏಕೆ? ಘಟಪ್ರಭೆ 52 ಮೀಟರು ಧುಮುಕುವ ಗೋಕಾಕ ಜಲಪಾತದ ಬಳಿ 1887ರಲ್ಲೇ ನೀರಿನ ಬಲದಿಂದ ನೂಲಿನ ಗಿರಣಿ ಓಡಿತು. ನೀರು ಚಕ್ರ ತಿರುಗಿಸಿ, ಚಕ್ರ ಜನರೇಟರು ತಿರುಗಿಸಿದರೆ ವಿದ್ಯುತ್ತು ಹುಟ್ಟುತ್ತದೆ. ನಿಮ್ಮ ಆಟಿಕೆ ಮೋಟಾರೂ ಅಂಥದೇ ಜನರೇಟರು. ಬ್ಯಾಟರಿ ಬಿಚ್ಚಿ, ಮಲ್ಟಿಮೀಟರಿಗೆ ಕಟ್ಟಿ, ದಂಡವನ್ನು ಬೆರಳಿನಿಂದ ಜೋರಾಗಿ ತಿರುವಿ ನೋಡಿ. ಮುಳ್ಳು ಅಥವಾ ಅಂಕಿ ಅಲುಗುತ್ತದೆ, ದಿಕ್ಕು ಬದಲಿಸಿದರೆ ಚಿಹ್ನೆಯೂ ಬದಲಾಗುತ್ತದೆ. ಓಡುವ ಮೋಟಾರು ಹೀಗೆ ತನ್ನದೇ ವೋಲ್ಟು ಹುಟ್ಟಿಸಿ ಬ್ಯಾಟರಿಗೆ ಎದುರು ನಿಲ್ಲುತ್ತದೆ. ಆದ್ದರಿಂದಲೇ ಅದು ಎಳೆಯುವ ಕರೆಂಟು ಕಡಿಮೆ. ದಂಡವನ್ನು ಹಿಡಿದು ನಿಲ್ಲಿಸಿದರೆ ಆ ಎದುರು ಮಾಯವಾಗಿ ಕರೆಂಟು 1 ಆಂಪಿಯರ್ ದಾಟಬಹುದು, ಮೋಟಾರು ಸುಡಬಹುದು. ಓಡುತ್ತಿರುವಾಗಲೇ ತಂತಿ ಬದಲಿಸಿದರಂತೂ ಎದುರಿದ್ದ ವೋಲ್ಟು ಬ್ಯಾಟರಿಯ ಜೊತೆಗೇ ಸೇರಿಕೊಳ್ಳುತ್ತದೆ.

ಪಾಲಕರಿಗೆ ಒಂದು ಮಾತು. ಚೌಕಾಕಾರದ ಪುಟ್ಟ 9 ವೋಲ್ಟಿನ ಬ್ಯಾಟರಿ ಕೊಡಿಸಬೇಡಿ, ಅದು ಮೋಟಾರು ಓಡಿಸುವಷ್ಟು ಕರೆಂಟು ಹೆಚ್ಚು ಹೊತ್ತು ಕೊಡಲಾರದು. ನಾಲ್ಕು ಪೆನ್ಸಿಲ್ ಸೆಲ್ಲು ಸಾಕು. ಗೋಡೆಯ ಪ್ಲಗ್ಗಿನ ಹತ್ತಿರ ಯಾವ ಪ್ರಯೋಗವೂ ಬೇಡ. ಗೇಟು ಮೇಲಿನ ಅಂಚಿಗೆ ತಗಲಿದರೂ ಮೋಟಾರು ತಿಣುಕುತ್ತಿದ್ದರೆ ಕೂಡಲೇ ಸ್ವಿಚ್ಚು ಆರಿಸಲು ಮಗುವಿಗೆ ಹೇಳಿಕೊಡಿ. ನಿಧಾನ ವೇಗದಲ್ಲಿ ಗೇಟು ಕದಲದೆ ಗುಂಯ್‌ಗುಡುತ್ತಿದ್ದರೆ ಮೊದಲ ಅರೆ ಸೆಕೆಂಡು 255 ಕೊಟ್ಟು, ಆಮೇಲೆ ಬೇಕಾದ ಅಂಕಿಗೆ ಇಳಿಸಿ ನೋಡಿ.