ಸದ್ದಿನೊಳಗಿನ ಸಂದು
2018ರ ಮಾರ್ಚ್‌ನಲ್ಲಿ ವ್ಯಾಂಕೂವರ್‌ನಲ್ಲಿ ನಡೆದ ಪ್ವನ್‌ಟುಓನ್ ಸ್ಪರ್ಧೆಯಲ್ಲಿ ರಿಚರ್ಡ್ ಝೂ ಎಂಬಾತ ಫೈರ್‌ಫಾಕ್ಸ್ ಬ್ರೌಸರನ್ನು ಭೇದಿಸಿ 50,000 ಡಾಲರ್ ಗೆದ್ದ. ಬೀಗ ಒಡೆದವನಿಗೇ ಬಹುಮಾನ ಕೊಡುವ ಪಂದ್ಯ ಅದು. ಕದ್ದು ಮಾರುವುದಕ್ಕಿಂತ ಹೀಗೆ ಎಲ್ಲರೆದುರು ಒಡೆಯುವುದೇ ವಾಸಿ ಅನ್ನಿ. ತಮಾಷೆಯೆಂದರೆ ಆತನಿಗೆ ದಾರಿ ಸಿಕ್ಕಿದ್ದು ಹಾಡು ನುಡಿಸುವ ಲಿಬ್‌ವಾರ್ಬಿಸ್ ಎಂಬ ಲೈಬ್ರರಿಯಲ್ಲಿ. ಝಿಫ್ ಸಂಸ್ಥೆಯ ಈ ಮುಕ್ತ ತಂತ್ರಾಂಶ ಆಗ್ (Ogg) ಎಂಬ ಧ್ವನಿ ಕಡತಗಳ ಸದ್ದನ್ನು ಬಿಡಿಸಿ ಕೇಳಿಸುತ್ತದೆ. ಕಡತದಲ್ಲೇ ಇರುವ ಕೋಡ್‌ಬುಕ್ ಎಂಬ ಕೋಷ್ಟಕದಿಂದ ಅದು ಸಂಖ್ಯೆಗಳನ್ನು ಕಂತುಕಂತಾಗಿ ತೆಗೆದು ಮೆಮೊರಿಯಲ್ಲಿ ತುಂಬುತ್ತದೆ. ಏಳೂವರೆ ಸೇರು ಹಿಡಿಯುವ ಚೀಲಕ್ಕೆ ಎಂಟನೆಯ ಸೇರನ್ನೂ ಪೂರ್ತಿ ಸುರಿದರೆ ಏನಾದೀತು? ಇಲ್ಲೂ ಆದದ್ದು ಅದೇ. ಜಾಗ ಕಂತುಗಳಾಗಿ ಸರಿಯಾಗಿ ಭಾಗವಾಗದಿದ್ದರೂ, ತುಂಬುವ ಕೆಲಸವನ್ನು ಮತ್ತೆ ಮತ್ತೆ ಮಾಡುವ ಲೂಪ್ ಕೊನೆಯ ಕಂತನ್ನು ಇಡಿಯಾಗಿ ಬರೆದುಬಿಡುತ್ತಿತ್ತು. ಹೊರಚೆಲ್ಲಿದ ಸಂಖ್ಯೆಗಳು ಪಕ್ಕದ ಮಾಹಿತಿಯ ಮೇಲೆ ಕೂರುತ್ತವೆ. ಅವು ಯಾವ ಸಂಖ್ಯೆಗಳೆಂದು ತೀರ್ಮಾನಿಸುವವನು ಕಡತ ಹೆಣೆದವನು. ಯಂತ್ರವನ್ನು ಪೂರ್ತಿ ವಶಮಾಡಿಕೊಳ್ಳಲು ಝೂಗೆ ವಿಂಡೋಸ್‌ನ ತಿರುಳಾದ ಕರ್ನೆಲ್‌ನ ಇನ್ನೊಂದು ದೋಷವೂ ಬೇಕಾಯಿತು, ಅದು ಬೇರೆ ಕಥೆ. ಪರಿಹಾರವೋ, ಲೂಪ್‌ನಲ್ಲಿ 'ಜಾಗ ಇನ್ನೂ ಉಳಿದಿದೆಯೇ' ಎಂದು ಕೇಳುವ ಒಂದು ಪುಟ್ಟ ಷರತ್ತು! ಮಾರ್ಚ್ 16ರಂದೇ ಫೈರ್‌ಫಾಕ್ಸ್ 59.0.1 ಹೊರಬಂತು, ಲಿಬ್‌ವಾರ್ಬಿಸ್ 1.3.6 ಕೂಡ. ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲಿ ಬಳಸುತ್ತಿದ್ದ ಟ್ರೆಮರ್ ಎಂಬ ಅದರ ದಾಯಾದಿಯಲ್ಲೂ ಇದೇ ತಪ್ಪಿತ್ತು, ಅದನ್ನೂ ತಿದ್ದಿದರು. ಬ್ರೌಸರ್ ತನ್ನಷ್ಟಕ್ಕೆ ಹೊಸದಾಗುತ್ತದೆ, ಸರಿ. ಇದೇ ಲೈಬ್ರರಿಯ ಹಳೆಯ ಪ್ರತಿಯನ್ನು ಒಳಗಿಟ್ಟುಕೊಂಡ ಕಂಪ್ಯೂಟರ್ ಆಟಗಳನ್ನು ತಿದ್ದುವವರು ಯಾರು?